ನದಿಗೆ ಹೋದ ಎರಡು ಹಾಳೆ

ಅವರು ತೀರಿಕೊಂಡ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಗಾಂಧಿ ಬಜಾರಿನ ಒಂದು ಸಂದಿಯಲ್ಲಿ ಮೂವತ್ತೈದು ವರ್ಷ ಪುಸ್ತಕ ಹೊಲಿದವರು ಅವರು. ಶಿವಮೊಗ್ಗದ ಕಚೇರಿಗಳ ರಿಜಿಸ್ಟರುಗಳಲ್ಲಿ, ಕಾಲೇಜು ಲೈಬ್ರರಿಗಳಲ್ಲಿ, ವಕೀಲರ ಕಪಾಟುಗಳಲ್ಲಿ ಅವರ ಕೈಯಲ್ಲಿ ರಟ್ಟು ಕಂಡ ಪುಸ್ತಕ ಒಂದಾದರೂ ಸಿಗುತ್ತದೆ. ನನಗೆ ವಿಷಯ ಗೊತ್ತಾದದ್ದು ಮಣ್ಣಾದ ಮರುದಿನ, ಬಜಾರಿಗೆ ತರಕಾರಿಗೆಂದು ಹೋದಾಗ. ಸಂದಿಯ ಬಾಯಲ್ಲಿ ಕೂರುವ ಛತ್ರಿ ರಿಪೇರಿಯವನು ಕೈಯಲ್ಲಿದ್ದ ಕಡ್ಡಿ ಬಿಡದೆ ಹೇಳಿದ:

"ನಿಮ್ಮ ಬೈಂಡಿಂಗ್ ಸಾಹೇಬ್ರು ಹೋದ್ರು ಸಾರ್. ನಿನ್ನೆ ಮಧ್ಯಾಹ್ನದ ನಮಾಜ್ ಆದ್ಮೇಲೆ ಮಣ್ಣು ಕೊಟ್ರು."

'ನಿಮ್ಮ' ಎಂದದ್ದು ಯಾಕೆ ಎಂದು ನಾನು ಕೇಳಲಿಲ್ಲ.

ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಹೆಸರು, ತಂದೆಯ ಹೆಸರು, ವಯಸ್ಸು, ಬೀದಿ ಸಮೇತ ಅದು ಒಂದೇ ಒಂದು ಸಲ ಪತ್ರಿಕೆಯಲ್ಲಿ ಅಚ್ಚಾಗಿದೆ. ಆ ವರದಿ ಬರೆದವನು ನಾನು. ಎರಡನೆಯ ಸಲ ನನ್ನ ಕೈಯಿಂದ ಬೇಡ.

ನಾನು ಒಂದು ದಿನಪತ್ರಿಕೆಯ ಶಿವಮೊಗ್ಗ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಎರಡು ವರ್ಷವಾಯಿತು. ಕಚೇರಿಯ ಹಳೆ ಸಂಚಿಕೆಗಳನ್ನು ತಿಂಗಳಿಗೊಂದು ಕಟ್ಟಿನಂತೆ ಹೊಲಿದು ರಟ್ಟು ಹಾಕುವ ಕೆಲಸ ಅವರದು. ನಮ್ಮ ಪರಿಚಯ ಆದದ್ದೂ ಒಂದು ಜಗಳದಿಂದ. ಕೊಟ್ಟು ಹತ್ತು ದಿನವಾದರೂ ಕಟ್ಟು ಬಂದಿರಲಿಲ್ಲ. ಅಂಗಡಿಗೆ ಹೋಗಿ ಕೇಳಿದರೆ, "ಹದಿನಾರನೇ ತಾರೀಖಿಂದು ಇಲ್ಲ ಸಾರ್," ಎಂದರು.

"ಒಂದು ದಿನದ್ದು ತಾನೆ, ಬಿಟ್ಟು ಹೊಲೀರಿ."

"ಯಾಕೆ, ಆವತ್ತು ಶಿವಮೊಗ್ಗದಲ್ಲಿ ಯಾರೂ ಹುಟ್ಟಿಲ್ವಾ, ಯಾರೂ ಸತ್ತಿಲ್ವಾ?"

ಆ ಸಂಚಿಕೆ ಕೊನೆಗೆ ಸಿಕ್ಕಿದ್ದು ಬಸ್ ನಿಲ್ದಾಣದ ಬಳಿಯ ಒಂದು ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಕೆಳಗೆ ಹಾಸಿದ್ದು. ಅದರ ಮೇಲೆ ಎಣ್ಣೆಯ ಕಲೆ ಇತ್ತು. ಅವರು ಕಲೆಯ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಎರಡು ದಿನ ಬಿಟ್ಟು, ಕೊಡವಿ, ತಾರೀಖಿನ ಜಾಗಕ್ಕೆ ಸೇರಿಸಿ ಹೊಲಿದರು. ನಂತರ ನಾನು ಅವರಿಗೆ ಅವಸರ ಮಾಡಿದ್ದು ನೆನಪಿಲ್ಲ.

ಅಂಗಡಿ ಎಂದರೆ ಇಬ್ಬರು ಕೂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕಾದ ಜಾಗ. ಕಬ್ಬಿಣದ ತಿರುಪಿನ ಒಂದು ಮರದ ಪ್ರೆಸ್ಸು, ಒಂದು ಸೂಜಿಪೆಟ್ಟಿಗೆ, ಮೈದಾ ಅಂಟಿನ ಡಬ್ಬ. ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು; ಅವರ ಉಗುರ ಸಂದಿಗಳು ಯಾವಾಗಲೂ ತುಸು ನೀಲಿ. ಬಲಗೈ ಹೆಬ್ಬೆರಳ ಉಗುರನ್ನು ಉದ್ದ ಬಿಟ್ಟಿದ್ದರು. ಹಾಳೆ ಮಡಿಸಿ ಮಡಿಕೆಯ ಮೇಲೆ ಅದನ್ನು ಎಳೆದರೆ ಇಸ್ತ್ರಿ ಮಾಡಿದ ಹಾಗೆ ಕೂರುತ್ತಿತ್ತು. ಯಾರಾದರೂ ಪುಸ್ತಕ ತಂದುಕೊಟ್ಟರೆ ತೆರೆಯುವ ಮೊದಲು ಆ ಉಗುರನ್ನು ಅದರ ಬೆನ್ನ ಮೇಲೆ ಒಮ್ಮೆ ಮೇಲಿಂದ ಕೆಳಗೆ ಓಡಿಸುವರು. ಆಮೇಲೆ, "ಯಾರದ್ದು?" ಎನ್ನುವರು. ಏನು ಪುಸ್ತಕ ಎಂದು ಕೇಳಿದ್ದು ಕಡಿಮೆ.

ಅವರು ಉರ್ದು ಚೆನ್ನಾಗಿ ಓದುತ್ತಿದ್ದರು, ಕನ್ನಡ ನಿಧಾನವಾಗಿ. ಇಂಗ್ಲಿಷಿನ ಅಕ್ಷರ ಗುರುತಿತ್ತು, ಭಾಷೆ ಬರುತ್ತಿರಲಿಲ್ಲ. ಆದರೂ ಯಾವ ಪುಸ್ತಕವನ್ನು ಯಾರು ಎಷ್ಟು ಓದಿದ್ದಾರೆ ಎಂದು ಅವರು ಹೇಳಿಬಿಡುತ್ತಿದ್ದರು. ಒಮ್ಮೆ ಒಬ್ಬ ಪ್ರೊಫೆಸರು ತಮ್ಮ ಹಳೆಯ ಗ್ರಂಥವೊಂದನ್ನು ತಂದು, ಜೀವಮಾನವಿಡೀ ಓದಿದ್ದೇನೆ, ಜೋಪಾನ ಎಂದರು. ಅವರು ಹೋದ ಮೇಲೆ ಸಾಹೇಬರು ನನಗೆ ಪುಸ್ತಕ ತೋರಿಸಿದರು. "ನಲವತ್ತು ಪುಟದವರೆಗೆ ಓದಿದಾರೆ ಮಾರಾಯ್ರೆ. ಮುಂದಕ್ಕೆಲ್ಲ ಹೊಸ ಮದುಮಗಳು." ಹೇಳಿ ನಗಲಿಲ್ಲ. ಅವರು ತಮಾಷೆ ಮಾಡಿ ನಗುತ್ತಿರಲಿಲ್ಲ. ಕೇಳಿದವರು ನಕ್ಕರೆ ತಲೆ ಬಗ್ಗಿಸಿ ದಾರಕ್ಕೆ ಮೇಣ ಸವರುತ್ತಿದ್ದರು.

ಅಂಗಡಿಯ ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಬಿಳಿ ಬಟ್ಟೆಯ ಚೀಲ. ಇದನ್ನು ವಿವರಿಸದೆ ಮುಂದಿನದು ಅರ್ಥವಾಗುವುದಿಲ್ಲ. ಕುರಾನಿನ ಹಾಳೆ ಹರಿದು ಹೊಲಿಯಲಾಗದ ಸ್ಥಿತಿಗೆ ಬಂದರೆ ಅದನ್ನು ಕಸಕ್ಕೆ ಹಾಕುವುದಿಲ್ಲ, ಸುಡುವುದಿಲ್ಲ. ಹರಿಯುವ ನೀರಿಗೆ ಬಿಡುತ್ತಾರೆ. ಅವರ ಮನೆಮಾತಿನಲ್ಲಿ ಅದಕ್ಕೆ 'ಠಂಡಾ ಕರ್ನಾ', ತಣ್ಣಗೆ ಮಾಡುವುದು, ಎಂದು ಹೆಸರು. ಸಾಹೇಬರ ತಂದೆ ಕುರಾನಿನ ಹಾಳೆಗಳಿಗೆ ಮಾತ್ರ ಇದನ್ನು ಮಾಡುತ್ತಿದ್ದರಂತೆ. ಇವರ ಕಾಲದಲ್ಲಿ ಎಲ್ಲರೂ ತರತೊಡಗಿದರು. ಅಜ್ಜನ ಹರಿದ ಭಾಗವತ, ಗೆದ್ದಲು ತಿಂದ ಪಂಚಾಂಗ, ಚರ್ಚಿನ ಹಾಡಿನ ಪುಸ್ತಕ, ದೇವರ ಚಿತ್ರವಿದ್ದ ಕ್ಯಾಲೆಂಡರು. ಎಸೆಯಲು ಮನಸ್ಸಿಲ್ಲದ್ದನ್ನೆಲ್ಲ ಜನ ಆ ಚೀಲಕ್ಕೆ ಹಾಕಿ ಹಗುರಾಗಿ ಹೋಗುತ್ತಿದ್ದರು. ವರ್ಷಕ್ಕೊಮ್ಮೆ, ರಂಜಾನ್ ತಿಂಗಳಿಗೆ ಮೊದಲು, ಸಾಹೇಬರು ಗುರುತಿನವರ ಆಟೊದಲ್ಲಿ ಗಾಜನೂರಿಗೆ ಹೋಗಿ ತುಂಗೆಗೆ ಬಿಟ್ಟು ಬರುವರು.

ಒಂದು ವರ್ಷ ನಾನೂ ಹೋಗಿದ್ದೆ. ಹಿಂದಿನ ವಾರವೆಲ್ಲ ಅವರು ಒಂದೊಂದು ಹಾಳೆಯ ಪಿನ್ನು ಕಿತ್ತಿದ್ದರು, ಮೀನು ನುಂಗಬಾರದೆಂದು. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಬೇರೆ ಇಟ್ಟಿದ್ದರು. ನೀರಿನ ಪಕ್ಕ ಚಪ್ಪಲಿ ಕಳಚಿ, ಬಟ್ಟೆಯ ಗಂಟುಗಳಿಗೆ ಕಲ್ಲು ಕಟ್ಟಿ, ಬಾಯಲ್ಲೇ ಏನೋ ಹೇಳಿಕೊಂಡು ಒಂದೊಂದಾಗಿ ಇಳಿಸಿದರು.

"ಭಾಗವತಕ್ಕೂ ಬಿಸ್ಮಿಲ್ಲಾನೇ ಹೇಳ್ತೀರಾ ಸಾಹೇಬ್ರೆ?"

"ನಂಗೆ ಬರೋದು ಅದೊಂದೇ. ಅವ್ರವ್ರದ್ದು ಅವ್ರವ್ರಿಗೆ ಮುಟ್ಟುತ್ತೆ. ನಾನು ಪೋಸ್ಟ್‌ಮ್ಯಾನು, ಕಾಗದ ಒಡೆದು ಓದೋನಲ್ಲ."

ನನ್ನ ವರದಿಗೆ ಕಾರಣವಾದ ಪ್ರಾರ್ಥನಾ ಪುಸ್ತಕ ಬಂದದ್ದು ಇದಾಗಿ ಕೆಲವು ವರ್ಷಗಳ ನಂತರ. ತಂದವರು ಭದ್ರಾವತಿಯ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ, ಕಾರ್ಖಾನೆಯ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದು ನೆಲೆಸಿದ ಒಂದು ಕ್ರೈಸ್ತ ಕುಟುಂಬದವರು. ಸಾಹೇಬರು ಅವರ ಶಾಲೆಯ ಲೈಬ್ರರಿ ಪುಸ್ತಕಗಳನ್ನು ಹಿಂದೆ ಹೊಲಿದಿದ್ದರು. ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ಇಲ್ಲೂ ಹಾಗೇ ಇರಲಿ.

ಸಾಹೇಬರು ನನ್ನನ್ನು ಕರೆಸಿ ಆ ಪುಸ್ತಕ ತೋರಿಸಿದರು. ತಾವಾಗಿ ಕರೆಸಿದ್ದು ಅದೊಂದೇ ಸಲ. ಅಂಗೈಗಿಂತ ತುಸು ದೊಡ್ಡದು, ಆದರೆ ಇಟ್ಟಿಗೆಯಷ್ಟು ದಪ್ಪ. ಪುಟದ ಅಂಚಿನಲ್ಲಿ ಬಳ್ಳಿ, ಬಳ್ಳಿಯಲ್ಲಿ ಕೆಂಪು ಹಣ್ಣು, ಒಂದು ಕಡೆ ಬಸವನಹುಳು, ಒಂದು ಕಡೆ ಯಾವುದೋ ಹಕ್ಕಿ. ದೊಡ್ಡ ಅಕ್ಷರಗಳಿಗೆ ನೀಲಿ ಮತ್ತು ಚಿನ್ನ. ಅಕ್ಷರ ಇಂಗ್ಲಿಷಿನಂತೆ ಕಂಡರೂ ಒಂದು ಪದವೂ ನನಗೆ ತಿಳಿಯಲಿಲ್ಲ. ಅದು ಹಳೆಯ ಡಚ್ ಭಾಷೆ, ಐನೂರು ವರ್ಷಕ್ಕೂ ಹಿಂದಿನ ಕೈಬರಹ ಎಂದು ಆಮೇಲೆ ಗೊತ್ತಾಯಿತು. ಕೊಚ್ಚಿಯಲ್ಲಿ ಡಚ್ಚರ ವಂಶದ ಒಂದು ಮನೆಯಲ್ಲಿ ಟೀಚರಮ್ಮನ ಮುತ್ತಜ್ಜಿ ಅಡುಗೆ ಮಾಡಿಕೊಂಡಿದ್ದರು, ಆ ಮನೆಯ ಕೊನೆಯ ಹೆಂಗಸು ಸಾಯುವಾಗ ಕೊಟ್ಟದ್ದು ಎಂಬುದು ಅವರ ಮನೆಯ ಮಾತು. ಇದನ್ನು ಖಚಿತಪಡಿಸುವ ದಾಖಲೆ ನಾನು ನೋಡಿಲ್ಲ.

"ಇದು ಕಾಗದ ಅಲ್ಲ ಸಾರ್, ಚರ್ಮ," ಎಂದರು ಸಾಹೇಬರು. "ಕರುವಿಂದು ಇರ್ಬೇಕು. ಮುಟ್ಟಿ ನೋಡಿ, ಈ ಕಡೆ ಕೂದಲಿತ್ತು, ಈ ಕಡೆ ಮಾಂಸ ಇತ್ತು."

ನನ್ನ ಬೆರಳಿಗೆ ಏನೂ ಗೊತ್ತಾಗಲಿಲ್ಲ. ಅವರು ಪುಟ ತಿರುವುತ್ತ ಒಂದು ಚಿತ್ರದ ಬಳಿ ನಿಂತರು. ಮಗು ಎತ್ತಿಕೊಂಡ ತಾಯಿ. ಸೀರೆಯಂಥ ನೀಲಿ ವಸ್ತ್ರ ನಿನ್ನೆ ಬಳಿದಂತಿತ್ತು, ಮುಖ ಮಾತ್ರ ಅಳಿಸಿಹೋಗಿತ್ತು. "ಯಾರೂ ಕೆರೆದಿಲ್ಲ. ಮುತ್ತು ಕೊಟ್ಟು ಕೊಟ್ಟು ಹೋಗಿದೆ." ಇನ್ನೊಂದು ಕಡೆ ಪುಟದ ಕೆಳಮೂಲೆ ಕಪ್ಪಾಗಿತ್ತು, ಹೆಬ್ಬೆರಳಿನ ಗುರುತು. "ಇಡೀ ಪುಸ್ತಕದಲ್ಲಿ ಜಾಸ್ತಿ ಓದಿರೋದು ಇಲ್ಲಿ. ಇಲ್ಲಿ ಮೇಣಾನೂ ಬಿದ್ದಿದೆ. ಏನ್ ಬರ್ದಿದಾರೋ." ಅದು ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಎಂದು ಆಮೇಲೆ ತಜ್ಞರು ಹೇಳಿದರು.

ಬೈಂಡಿಂಗಿನ ಪುಸ್ತಕದ ಮೂರು ಅಂಚನ್ನೂ ಯಂತ್ರದಲ್ಲಿ ಕತ್ತರಿಸಿ ಸಮ ಮಾಡುವುದು ರೂಢಿ. ಅವರು ಇದನ್ನು ಕತ್ತರಿಸಲಿಲ್ಲ. "ಕಟಿಂಗ್‌ಗೆ ಕೊಟ್ರೆ ಹಕ್ಕಿ ಕತ್ತು ಹೋಗುತ್ತೆ," ಎಂದರು. ಹಳೆಯ ತೂತುಗಳಲ್ಲೇ ಹೊಸ ದಾರ ಹಾಯಿಸಿ ಹೊಲಿದರು.

ಚರ್ಮದ ಪುಟಗಳಿಗೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಪುಸ್ತಕದ ಮುಂದೆ ಯಾರೋ ನಂತರ ಸೇರಿಸಿದ್ದ ಎರಡು ಕಾಗದದ ಹಾಳೆಗಳಲ್ಲಿ. ಅವುಗಳ ಮೇಲೆ ಪುಸ್ತಕದ ಒಡೆಯರು ಒಬ್ಬರಾದ ಮೇಲೊಬ್ಬರು ತಮ್ಮ ಹೆಸರು ಬರೆದಿದ್ದರು. ಏಳು ಹೆಸರು, ಏಳು ಕೈ. ಒಂದು ಮಗುವಿನ ಬರಹದಂತಿತ್ತು. ಕೊನೆಯದು ಟೀಚರಮ್ಮನ ತಂದೆಯದು. ಹಳೆಯ ಶಾಯಿ ಕಾಗದವನ್ನೇ ತಿಂದು ಅಕ್ಷರಗಳ ಜಾಗದಲ್ಲಿ ತೂತು ಬಿದ್ದಿತ್ತು, ಉಳಿದದ್ದನ್ನು ಹುಳ ತಿಂದಿತ್ತು. ಸಾಹೇಬರು ಉಸಿರು ಹಿಡಿದು ಮಗುಚಿದರೂ ಒಂದು ಚೂರು ಉದುರಿತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಂದಿನದು ಅವರು ಹೇಳಿದ್ದು. ಟೀಚರಮ್ಮ ಮತ್ತೆ ಬಂದಾಗ, ಈ ಎರಡು ಹಾಳೆ ಹೊಲಿಗೆಗೆ ನಿಲ್ಲುವುದಿಲ್ಲ, ಏನು ಮಾಡಲಿ ಎಂದು ಸಾಹೇಬರು ಕೇಳಿದರು. ಟೀಚರಮ್ಮ ಗೋಡೆಯ ಚೀಲ ನೋಡಿ, "ದೇವರ ಪುಸ್ತಕದ ಹಾಳೆಗೆ ನೀವು ಏನ್ ಮಾಡ್ತೀರೋ ಅದನ್ನೇ ಮಾಡಿ," ಎಂದರು. ಸಾಹೇಬರು ಮೂರು ದಿನ ಕೂತು ಏಳೂ ಹೆಸರನ್ನು ಹೊಸ ಕಾಗದದ ಮೇಲೆ ಬರೆದುಕೊಂಡರು. ಬರೆದರು ಎನ್ನುವುದಕ್ಕಿಂತ ಬಿಡಿಸಿದರು. ಒಂದೊಂದು ಕೈಯ ಓರೆಯನ್ನು, ಶಾಯಿ ಕಲೆಯನ್ನು, ಮಗು ಹೊಡೆದುಹಾಕಿದ ತಪ್ಪನ್ನು ಹಾಗೆ ಹಾಗೇ ಇಳಿಸಿ, ಆ ಕಾಗದವನ್ನು ಪುಸ್ತಕದ ಹಿಂದಿನ ರಟ್ಟಿನ ಒಳಗೆ ಅಂಟಿಸಿದರು. ಹಳೆಯ ಹಾಳೆಗಳು ಚೀಲಕ್ಕೆ ಹೋದವು. ಆ ವರ್ಷದ ಗಂಟಿನೊಂದಿಗೆ ತುಂಗೆಗೆ ಹೋದವು. ಆ ವರ್ಷ ನಾನು ಅವರ ಜೊತೆ ಹೋಗಿರಲಿಲ್ಲ.

ಟೀಚರಮ್ಮ ಇದ್ದದ್ದು ಅಣ್ಣನ ಮನೆಯಲ್ಲಿ. ಅಣ್ಣ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದವರು, ಚರ್ಚಿನ ಸಮಿತಿಯಲ್ಲಿ ದೊಡ್ಡವರು, ಮನೆಯಲ್ಲಿ ಅವರದೇ ಮಾತು. ಆ ಪುಸ್ತಕವನ್ನು ಒಂದು ದೊಡ್ಡ ಗ್ರಂಥಾಲಯಕ್ಕೆ ಕೊಡಬೇಕು, ಗಾಜಿನ ಪೆಟ್ಟಿಗೆಯಲ್ಲಿ ತಂದೆಯ ಹೆಸರಿನ ಜೊತೆ ಇಡಿಸಬೇಕು ಎಂದು ಅವರಿಗೆ ಆಸೆ ಹುಟ್ಟಿತು. ಹಸ್ತಪ್ರತಿಗಳ ತಜ್ಞೆಯೊಬ್ಬರು ಬೆಂಗಳೂರಿನಿಂದ ಬಂದು ನೋಡಿದರು. ಪುಸ್ತಕ ನಿಜವಾದದ್ದು, ಹೊಲಿಗೆ ಬಹಳ ಒಳ್ಳೆಯದು ಎಂದರು. ಆಮೇಲೆ, ಒಡೆಯರ ಹೆಸರಿನ ಮೂಲ ಹಾಳೆಗಳು ಎಲ್ಲಿ ಎಂದು ಕೇಳಿದರು. ಇಂಥ ಪುಸ್ತಕ ಕದ್ದದ್ದಲ್ಲ, ಕೈಯಿಂದ ಕೈಗೆ ನ್ಯಾಯವಾಗಿ ಬಂದದ್ದು ಎನ್ನುವುದಕ್ಕೆ ಆ ಹಾಳೆಗಳೇ ಸಾಕ್ಷಿ. ಅವಿಲ್ಲದೆ ಯಾವ ಗ್ರಂಥಾಲಯವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ರಟ್ಟಿನ ಒಳಗಿನ ಕಾಗದ ನೋಡಿ, "ನಕಲು ಅದ್ಭುತವಾಗಿದೆ. ಆದರೆ ನಕಲು," ಎಂದರಂತೆ.

ಹಾಳೆ ಬಿಸಾಡಲು ಯಾರು ಹೇಳಿದ್ದು ಎಂದು ಅಣ್ಣ ಎಲ್ಲರೆದುರು ಕೇಳಿದರು. ಟೀಚರಮ್ಮ, "ನಾನು ರಿಪೇರಿಗೆ ಕೊಟ್ಟಿದ್ದೆ, ಅಷ್ಟೇ," ಎಂದರು.

ಬೈಂಡರು ಹಾಳೆ ಕದ್ದು ಮಾರಿಕೊಂಡಿದ್ದಾರೆ ಎಂದು ಅಣ್ಣ ಪೊಲೀಸರಿಗೆ ದೂರು ಕೊಟ್ಟರು. ಠಾಣೆಯಲ್ಲಿ ಸಾಹೇಬರನ್ನು ಬೆಳಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ನಾನು ಹೋದಾಗ ಮೊಣಕಾಲ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು. ಅವರ ಕೈ ಸುಮ್ಮನಿದ್ದದ್ದನ್ನು ನೋಡಿದ್ದು ಅದೇ ಮೊದಲು. ಪೊಲೀಸರ ಕೈಯಲ್ಲಿದ್ದ ವಾದ ಇಷ್ಟು: ಹಾಳೆಗೆ ಬೆಲೆ ಇದೆಯೆಂದು ಗೊತ್ತಿಲ್ಲದವನು ಅದರ ನಕಲು ಯಾಕೆ ಮಾಡುತ್ತಾನೆ?

"ಯಾಕೆ ಬರ್ಕೊಂಡ್ರಿ ಸಾಹೇಬ್ರೆ?" ಎಂದು ನಾನೂ ಕೇಳಿದೆ.

"ಇಷ್ಟು ವರ್ಷ ಪ್ರಾರ್ಥನೆ ಪಕ್ಕ ಇದ್ದ ಹೆಸರು ಸಾರ್. ಬರೀ ನೀರಿಗೆ ಬಿಡೋಕೆ ಮನಸ್ಸಾಗ್ಲಿಲ್ಲ." ಆಮೇಲೆ, "ಟೀಚರಮ್ಮನ್ನ ಒಂದು ಮಾತು ಕೇಳಿ. ಅವ್ರೇ ಹೇಳಿದ್ದು. ಅವ್ರು ಹೇಳಿದ್ರೆ ಮುಗೀತು," ಎಂದರು.

ಆ ಮಧ್ಯಾಹ್ನವೇ ಭದ್ರಾವತಿಗೆ ಹೋದೆ. ಅಣ್ಣ ಮಾತಾಡಿದರು, ನಾನು ಬರೆದುಕೊಂಡೆ. ಟೀಚರಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅಣ್ಣ ಪುಸ್ತಕ ತರಲು ಒಳಗೆ ಹೋದರು. ಬೀರು ತೆಗೆಯುವ ಸದ್ದು ಕೇಳಿಸಿತು. ಟೀಚರಮ್ಮ ನನ್ನ ಕಡೆ ನೋಡದೆ ಹೇಳಿದರು:

"ನಾನೇ ನೀರಿಗೆ ಬಿಡಿ ಅಂದಿದ್ದು. ಬರೀಬೇಡಿ ಸಾರ್. ನಾನು ಈ ಮನೇಲೇ ಇರ್ಬೇಕು."

ನಾನು ನೋಟ್‌ಬುಕ್ ಮುಚ್ಚಿದೆ.

ನಮ್ಮ ವೃತ್ತಿಯಲ್ಲಿ ಇದಕ್ಕೊಂದು ನಿಯಮವಿದೆ. ಬರೆಯಬೇಡಿ ಎಂಬ ಷರತ್ತು ಮಾತಿಗೆ ಮೊದಲು ಬರಬೇಕು, ನಾವು ಒಪ್ಪಿರಬೇಕು. ಹೇಳಿಯಾದ ಮೇಲೆ ಬೇಡ ಎಂದರೆ ಅದು ಲೆಕ್ಕಕ್ಕಿಲ್ಲ. ಈ ನಿಯಮವನ್ನು ನಾನು ಅಧಿಕಾರಿಗಳ ಮೇಲೆ, ರಾಜಕಾರಣಿಗಳ ಮೇಲೆ ಎಷ್ಟೋ ಸಲ ಪ್ರಯೋಗಿಸಿದ್ದೇನೆ. ಟೀಚರಮ್ಮನ ಮೇಲೆ ಪ್ರಯೋಗಿಸಲಿಲ್ಲ. ಅದು ದಯೆ ಎಂದು ಆಗ ಅಂದುಕೊಂಡಿದ್ದೆ. ಒಬ್ಬರಿಗೆ ತೋರಿಸಿದ ದಯೆಯನ್ನು ಇನ್ನೊಬ್ಬರಿಂದ ಕಿತ್ತು ಕೊಟ್ಟೆ ಎನ್ನುವುದು ಆಗ ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಭದ್ರಾವತಿಯಿಂದ ಬಸ್ಸಿನಲ್ಲಿ ಬರುವಾಗಲೇ ಹೊಳೆದಿತ್ತು. ಸಂಜೆ ಡೆಸ್ಕಿನವರು ಸುದ್ದಿಗಾಗಿ ಕಾಯುತ್ತಿದ್ದರು. ಕೂತು ಬರೆದೆ.

ವರದಿಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಪುರಾತನ ಪ್ರಾರ್ಥನಾ ಪುಸ್ತಕದ ಹಾಳೆಗಳು ಕಾಣೆಯಾಗಿವೆ, ನಿಜ. ಬೈಂಡರನ್ನು ವಿಚಾರಣೆಗೆ ಒಳಪಡಿಸಲಾಗಿದೆ, ನಿಜ. ಹಾಳೆಗಳು ಶಿಥಿಲವಾಗಿದ್ದವೆಂದೂ ನದಿಗೆ ಬಿಟ್ಟಿದ್ದಾಗಿಯೂ ಅವರು ತಿಳಿಸಿದ್ದಾರೆ, ನಿಜ. ಹಾಳೆಗಳು ಶಿಥಿಲವಾಗಿದ್ದದ್ದನ್ನು ನಾನೇ ನೋಡಿದ್ದೆ. ಆದರೆ ವರದಿಗಾರ ಸುದ್ದಿಯೊಳಗೆ ತಾನು ಬರಬಾರದು ಎಂಬ ಇನ್ನೊಂದು ನಿಯಮವಿದೆ. ಅದನ್ನು ಪಾಲಿಸಿದೆ.

ಸಾಕ್ಷ್ಯವಿಲ್ಲದೆ ಪ್ರಕರಣ ಅಲ್ಲಿಗೇ ನಿಂತಿತು. ಅದು ನಿಂತದ್ದು ಸುದ್ದಿಯಾಗಲಿಲ್ಲ.

ತಿಂಗಳು ಮುಗಿದು ನಮ್ಮ ಸಂಚಿಕೆಗಳು ಎಂದಿನಂತೆ ಬೈಂಡಿಂಗಿಗೆ ಹೋದವು. ಕಳಿಸುವುದು ಬೇಡವೆಂದು ನಾನು ಕಚೇರಿಯಲ್ಲಿ ಹೇಳಬಹುದಿತ್ತು. ಹೇಳಿದರೆ ಅವರ ಕೆಲಸ ಕಸಿದಂತಾಗುತ್ತದೆ ಎಂದು ಸುಮ್ಮನಾದೆ. ಕಟ್ಟು ಹೇಳಿದ ದಿನಕ್ಕೆ ಬಂತು. ಆ ತಾರೀಖಿನ ಪುಟ ತೆರೆದೆ. ವರದಿ ಇದ್ದದ್ದು ಒಳಗಿನ ಅಂಚಿನ ಕಾಲಮ್ಮಿನಲ್ಲಿ. ಸಾಮಾನ್ಯವಾಗಿ ಹೊಲಿಗೆಯಲ್ಲಿ ಆ ಕಾಲಮ್ಮಿನ ಮೊದಲ ಒಂದೆರಡು ಅಕ್ಷರ ಹೂತುಹೋಗುತ್ತವೆ. ಅವರು ಆ ಹಾಳೆಗೆ ಮಾತ್ರ ಪಕ್ಕದಲ್ಲಿ ಒಂದು ಬಿಳಿ ಪಟ್ಟಿ ಅಂಟಿಸಿ, ಪಟ್ಟಿಗೆ ಹೊಲಿಗೆ ಹಾಕಿದ್ದರು. ತಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ಬೀದಿ, ಎಲ್ಲವೂ ಪೂರ್ತಿಯಾಗಿ ಓದಲು ಸಿಗುತ್ತಿದ್ದವು. ಆ ಕಟ್ಟು ಇವತ್ತಿಗೂ ಕಚೇರಿಯಲ್ಲಿದೆ.

ಅವರ ಕೆಲಸ ಒಮ್ಮೆಗೇ ನಿಲ್ಲಲಿಲ್ಲ, ಸೋರಿಹೋಯಿತು. ಮೊದಲು ಒಂದು ಕಾಲೇಜು ಬೇರೆ ಕಡೆ ಕೊಟ್ಟಿತು. ಆಮೇಲೆ ಇಬ್ಬರು ವಕೀಲರು. ಇದನ್ನು ಅವರು ತಡೆದುಕೊಂಡರು. ತಡೆದುಕೊಳ್ಳಲಾಗದೇ ಹೋದದ್ದು ಬೇರೆ. ಒಂದು ದಿನ ನಾನು ಅಂಗಡಿಯಲ್ಲಿದ್ದಾಗಲೇ ರಾಗಿಗುಡ್ಡದ ಕಡೆಯವರೊಬ್ಬರು ಬಂದು ಚಪ್ಪಲಿ ಬಿಡದೆ ಹೊಸಿಲಾಚೆಯೇ ನಿಂತರು. ಹಳೆಯ ಗಿರಾಕಿ.

"ಭಾಯ್, ತಪ್ಪು ತಿಳ್ಕೋಬೇಡಿ. ನಮ್ಮಪ್ಪ ಓದ್ತಿದ್ದ ಕುರಾನ್‌ದು ಹಾಳೆ ಕೊಟ್ಟಿದ್ನಲ್ಲ, ಎಂಟು ವರ್ಷ ಆಯ್ತು. ಅದನ್ನ ನಿಜವಾಗ್ಲೂ ನೀರಿಗೇ ಬಿಟ್ರಾ?"

ಸಾಹೇಬರು ಸೂಜಿ ಕೆಳಗಿಟ್ಟರು. "ಬಿಟ್ಟೆ," ಎಂದರು.

"ಹಂಗಲ್ಲ, ಮನೇಲಿ ಕೇಳ್ತಿದ್ರು, ಅದಕ್ಕೆ."

"ಬಿಟ್ಟೆ ಭಾಯ್. ಮುಂದಿನ ಸಲ ನೀವೇ ಬನ್ನಿ ಜೊತೆಗೆ, ಕಣ್ಣಲ್ಲಿ ನೋಡಿ."

ಬಂದವರು ಹೋದ ಮೇಲೆ ಅವರು ಬಹಳ ಹೊತ್ತು ದಾರಕ್ಕೆ ಮೇಣ ಸವರುತ್ತಲೇ ಇದ್ದರು. ದಾರ ಮುಗಿದರೂ ಬೆರಳು ನಿಲ್ಲಲಿಲ್ಲ. ಮೂವತ್ತು ವರ್ಷ ಎಷ್ಟು ಮನೆಗಳ ಹಾಳೆ ಅವರ ಕೈ ದಾಟಿ ಹೋಗಿತ್ತೋ, ಅಷ್ಟೂ ಮನೆಗಳಲ್ಲಿ ಈಗ ಇದೇ ಪ್ರಶ್ನೆ ಎದ್ದಿರಬಹುದು ಎಂದು ಅವರಿಗೆ ಅರ್ಥವಾಗಿತ್ತು. ಆ ವರ್ಷ ಅವರು ಚೀಲಕ್ಕೆ ಹಾಕಲು ಬಂದವರಿಗೆಲ್ಲ, ಗಾಜನೂರಿಗೆ ನೀವೂ ಬರಬೇಕು ಎಂಬ ಷರತ್ತು ಹಾಕಿದರು. ಯಾರಿಗೂ ಪುರುಸೊತ್ತಾಗಲಿಲ್ಲ. ಮರುವರ್ಷ ಮೊಳೆಯಲ್ಲಿ ಚೀಲ ಇರಲಿಲ್ಲ.

ನನ್ನ ಮೇಲೆ ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಚಹಾ ತರಿಸುವುದು ಬಿಡಲಿಲ್ಲ. ಒಂದೇ ಸಲ, ಅಂಟು ಕಲಸುತ್ತ, ಮುಖ ಎತ್ತದೆ ಕೇಳಿದರು:

"ಆವತ್ತು ಭದ್ರಾವತಿಗೆ ಹೋಗಿದ್ರಲ್ಲ ಸಾರ್. ಟೀಚರಮ್ಮ ನಿಮ್ಮ ಹತ್ರ ಏನಾದ್ರೂ ಅಂದ್ರಾ?"

"ಪೇಪರಿನಲ್ಲಿ ಬಂದಿದ್ದಷ್ಟೇ ಸಾಹೇಬ್ರೆ, ಅದಕ್ಕಿಂತ ಹೆಚ್ಚು ಏನಿಲ್ಲ," ಎಂದೆ.

ವರದಿಯಲ್ಲಿ ಇಲ್ಲದ ಸುಳ್ಳನ್ನು ಇಲ್ಲಿ ಹೇಳಿದೆ. ಅವರು, "ಹೂಂ, ಪಾಪ, ಹೆಂಗೆ ಹೇಳ್ತಾರೆ," ಎಂದು ಅಂಟಿಗೆ ಇನ್ನಷ್ಟು ನೀರು ಹಾಕಿದರು.

ಆಮೇಲಿನ ಮೂರು ವರ್ಷ ಹೆಚ್ಚು ಹೇಳುವಂಥದ್ದಿಲ್ಲ. ಕಣ್ಣಿಗೆ ಪೊರೆ ಬಂತು. ಅಂಗಡಿ ವಾರದಲ್ಲಿ ಮೂರು ದಿನ ತೆರೆಯಿತು, ನಂತರ ಒಂದು ದಿನ. ನಮ್ಮ ಕಚೇರಿ ಸಂಚಿಕೆಗಳನ್ನು ಕಂಪ್ಯೂಟರಿನಲ್ಲಿ ಇಡತೊಡಗಿ ಬೈಂಡಿಂಗ್ ನಿಲ್ಲಿಸಿತು. ನಾನು ನಿವೃತ್ತನಾದೆ. ಹೋಗುವುದು ಕಡಿಮೆಯಾಯಿತು. ಕಡಿಮೆ ಮಾಡಿದೆ ಎನ್ನುವುದು ಸರಿ.

ಅವರು ತೀರಿ ಒಂಬತ್ತನೆಯ ದಿನ ಟೀಚರಮ್ಮನ ಫೋನು ಬಂತು.

"ಸಾರ್, ಅಣ್ಣ ಹೋಗಿ ಎರಡು ತಿಂಗಳಾಯ್ತು. ಈಗ ಬರೀಬಹುದು ನೀವು. ನಾನೇ ಹೇಳಿದ್ದು ಅಂತ ನನ್ನ ಹೆಸರು ಹಾಕೇ ಬರೀರಿ. ಪೇಪರ್ ಬಂದ್ಮೇಲೆ ಒಂದು ಕಾಪಿ ತಗೊಂಡು ನಾನೇ ಅವ್ರ ಅಂಗಡಿಗೆ ಬರ್ತೀನಿ."

ಅವರಿಗೆ ವಿಷಯ ಗೊತ್ತಿರಲಿಲ್ಲ. ನಾನು ಹೇಳಿದೆ. ಫೋನಿನಲ್ಲಿ ಎಲ್ಲೋ ಒಂದು ಕುಕ್ಕರ್ ಕೂಗಿದ್ದು ಕೇಳಿಸಿತು.

ಹಳೆಯ ಕಚೇರಿಗೆ ಹೋಗಿ, ಒಂದು ಸ್ಪಷ್ಟನೆ ಹಾಕಲು ಸಾಧ್ಯವೇ ಎಂದು ಕೇಳಿದೆ. ಈಗಿನ ಮುಖ್ಯಸ್ಥ ನಾನೇ ಕೆಲಸ ಕಲಿಸಿದವನು. "ಸಾರ್, ನೀವೇ ಹೇಳಿ, ಇಷ್ಟು ವರ್ಷದ ಮೇಲೆ ಇದು ಸುದ್ದಿಯಾ?" ಎಂದ. ಅಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಇದನ್ನು ಇಲ್ಲಿ, ಸುದ್ದಿಯಲ್ಲದ ಕಡೆ ಬರೆಯುತ್ತಿದ್ದೇನೆ.

ಟೀಚರಮ್ಮ ಒಂದು ಕಾಗದ ಬರೆದು, ಲಕೋಟೆ ಅಂಟಿಸಿ, ಸಾಹೇಬರ ಹೆಂಡತಿಗೆ ತಲುಪಿಸಲು ನನ್ನ ಕೈಗೆ ಕೊಟ್ಟರು. ತಾವೇ ಹೋಗಲು ಧೈರ್ಯವಾಗಲಿಲ್ಲ ಎಂದರು. ಪ್ರಾರ್ಥನಾ ಪುಸ್ತಕ ಭದ್ರಾವತಿಯ ಅದೇ ಬೀರುವಿನಲ್ಲಿದೆ. ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಸಾಹೇಬರ ಮನೆ ಅಂಗಡಿಯಿಂದ ಎರಡು ಬೀದಿ ಆಚೆ. ಅವರ ಹೆಂಡತಿ ಪರದೆ ಸರಿಸಿ, ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಲಕೋಟೆ ಕೊಟ್ಟು ಯಾರದ್ದೆಂದು ಹೇಳಿದೆ. ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಕೊನೆಗೂ ಬರೆದ್ರಾ ಅವ್ರು," ಎಂದರು. "ಟೀಚರಮ್ಮಂದು ತಪ್ಪಿಲ್ಲ, ಅಣ್ಣನ ಭಯಕ್ಕೆ ಹೇಳಿಲ್ಲ ಅಂತ ಇವ್ರು ಹೇಳೋರು. ನಮ್ಮ ತಮ್ಮ ಒಂದ್ಸಲ ನಿಮ್ಮನ್ನ ಬೈದ, ಆ ಪೇಪರ್‌ನೋನಿಂದ್ಲೇ ಹಿಂಗಾಯ್ತು ಅಂತ. ಇವ್ರು ಊಟ ಬಿಟ್ಟು ಎದ್ರು. ಅವ್ರನ್ನ ಯಾಕೆ ಬೈತೀಯ, ಟೀಚರಮ್ಮ ಅವ್ರ ಹತ್ರ ಹೇಳಿದ್ದಿದ್ರೆ ಅವ್ರು ಬರೀತಿರ್ಲಿಲ್ವಾ, ಗೊತ್ತಿಲ್ದೆ ಇರೋದನ್ನ ಹೆಂಗೆ ಬರೀತಾರೆ ಅಂತ."

ನಾನು ಅವರ ಕೈಯಲ್ಲಿದ್ದ ಲಕೋಟೆ ನೋಡಿದೆ.

"ನಂಗೆ ಕನ್ನಡ ಓದೋಕೆ ಬರಲ್ಲ ಸಾರ್. ನೀವೇ ಓದಿ," ಎಂದು ಲಕೋಟೆ ಒಡೆದು ಕಾಗದ ನನ್ನ ಕೈಗೆ ಕೊಟ್ಟರು.

ಅದರಲ್ಲಿ ಏನಿದೆಯೆಂದು ನನಗೂ ಗೊತ್ತಿರಲಿಲ್ಲ. ಒಂದೇ ಪುಟ, ಟೀಚರ ದುಂಡು ಅಕ್ಷರ. ಓದುತ್ತ ಹೋದೆ. ಹಾಳೆಗಳನ್ನು ನೀರಿಗೆ ಬಿಡಲು ತಾವೇ ಹೇಳಿದ್ದು, ಅಣ್ಣನೆದುರು ಬಾಯಿ ಬಾರದೇ ಹೋದದ್ದು, ಕ್ಷಮೆ. ಅದಾದ ಮೇಲಿನ ಸಾಲಿಗೆ ಬಂದು ನಿಂತೆ. ಅವರು ತಲೆ ಬಗ್ಗಿಸಿ ಕೇಳುತ್ತಿದ್ದರು. ಬಿಟ್ಟು ಮುಂದೆ ಓದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ.

ಓದಿದೆ. "ಪತ್ರಿಕೆಯವರು ನಮ್ಮ ಮನೆಗೆ ಬಂದ ದಿನವೇ ಈ ಮಾತನ್ನು ಅವರಿಗೆ ಹೇಳಿದ್ದೆ. ಬರೆಯಬೇಡಿ ಎಂದು ಬೇಡಿಕೊಂಡಿದ್ದೂ ನಾನೇ."

ಅವರು ತಲೆ ಎತ್ತಿದರು. ನನ್ನನ್ನು ನೋಡಿದರು, ಕಾಗದವನ್ನು ನೋಡಿದರು.

"ಆ ಸಾಲು ಇನ್ನೊಂದ್ಸಲ ಓದಿ," ಎಂದರು.

ಓದಿದೆ.